ಹಳ್ಳದ ನೀರು ಎಲ್ಲಿಯವರೆಗೆ ಬಂದೀತು?

ಹೋದ ಸಲ ಬೆಟ್ಟದ ಹಳ್ಳಗಳ ನೆರೆ ಬಗ್ಗೆ ಅರ್ಧ ಪುಟ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳೇ ಈ ಸಲದ ಅಂಕಣವನ್ನು ಪೂರ್ತಿ ತಿಂದಿವೆ. ಮೂವತ್ತೊಂದು ವರ್ಷ ಸ್ಟಾಫು (ಮಟ್ಟ ಅಳೆಯುವ ಕೋಲು), ಟೇಪು ಹಿಡಿದು ಹಳ್ಳಗಳಲ್ಲೇ ಓಡಾಡಿದವಳು ನಾನು. ಕಂಪ್ಯೂಟರ್ ಮುಂದೆ ಕೂತದ್ದು ಅದಕ್ಕಿಂತ ಕಡಿಮೆ. ಉತ್ತರಗಳಲ್ಲಿ ಆ ವಾಲಿಕೆ ಕಾಣಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಪ್ರಶ್ನೆ: ಮೇಡಂ, ನಮ್ಮ ಮನೆ ಬೆಟ್ಟದಿಂದ ಇಳಿಯುವ ಸಣ್ಣ ಹಳ್ಳದ ಪಕ್ಕದಲ್ಲಿದೆ. ಇಬ್ಬರು ಎಂಜಿನಿಯರುಗಳ ಹತ್ತಿರ ನೆರೆ ನಕ್ಷೆ ಮಾಡಿಸಿದೆವು. ಒಬ್ಬರ ನಕ್ಷೆಯಲ್ಲಿ ಮನೆಗೆ ಏನೂ ಆಗುವುದಿಲ್ಲ. ಇನ್ನೊಬ್ಬರ ನಕ್ಷೆಯಲ್ಲಿ ಅಂಗಳಕ್ಕೆ ನೀರು ನುಗ್ಗಿದೆ. ಇಬ್ಬರೂ ಬಳಸಿದ ಸಾಫ್ಟ್‌ವೇರ್ ಒಂದೇ, ಮಳೆಯ ಲೆಕ್ಕವೂ ಒಂದೇ. ಯಾರನ್ನು ನಂಬಬೇಕು? ಎರಡೂ ವರದಿ ಜೊತೆಗಿಟ್ಟಿದ್ದೇನೆ.

ಉತ್ತರ: ಎರಡನ್ನೂ ಓದಿದೆ. ಇಬ್ಬರೂ ಕಳ್ಳಲೆಕ್ಕ ಬರೆದಿಲ್ಲ. ವ್ಯತ್ಯಾಸ ಇರುವುದು ಒಂದೇ ಒಂದು ಅಂಕಿಯಲ್ಲಿ. ಅಲ್ಲಿಗೆ ಬರುವ ಮೊದಲು ಇಬ್ಬರೂ ಒಪ್ಪಿದ ಭಾಗ ನೋಡೋಣ.

ನಿಮ್ಮ ಮನೆಯ ಹತ್ತಿರಕ್ಕೆ ನೀರು ಹರಿದು ಬರುವ ಜಾಗ 6 ಚದರ ಕಿಲೋಮೀಟರ್. ನೆತ್ತಿಯಿಂದ ಮನೆಯವರೆಗೆ ಹಳ್ಳದ ಉದ್ದ 4 ಕಿಲೋಮೀಟರ್, ಇಳಿತ 400 ಮೀಟರ್. ತುದಿಯಲ್ಲಿ ಬಿದ್ದ ಹನಿ ನಿಮ್ಮ ಮನೆ ದಾಟಲು ಎಷ್ಟು ಹೊತ್ತು ಬೇಕು? ಉದ್ದ, ಇಳಿತ ಎರಡರಿಂದ ಈ ಹೊತ್ತು ಹೇಳುವ ಕಿರ್ಪಿಚ್ ಸೂತ್ರದ ಪ್ರಕಾರ ಸುಮಾರು 28 ನಿಮಿಷ. ಹಾಗಾಗಿ ನಿಮಗೆ ಲೆಕ್ಕಕ್ಕೆ ಬರುವುದು ಇಡೀ ದಿನದ ಮಳೆಯಲ್ಲ, ಅರ್ಧ ಗಂಟೆಯ ಜೋರು ಮಳೆ. ಅದನ್ನು ಇಬ್ಬರೂ ಗಂಟೆಗೆ 60 ಮಿಲಿಮೀಟರ್ ಎಂದು ಹಿಡಿದಿದ್ದಾರೆ. ಬಿದ್ದ ನೀರಲ್ಲಿ ನೂರಕ್ಕೆ 40ರಷ್ಟು ಹರಿದು ಬರುತ್ತದೆ ಎಂದು ಒಪ್ಪಿದರೆ, 0.4ನ್ನು 60ರಿಂದ, ಅದನ್ನು 6ರಿಂದ ಗುಣಿಸಿ, ಅಳತೆಯ ಮಾನ ಹೊಂದಿಸಲು 3.6ರಿಂದ ಭಾಗಿಸಿ. ಸೆಕೆಂಡಿಗೆ 40 ಘನ ಮೀಟರ್. ಈ ಗುಣಾಕಾರದ ಸೂತ್ರವನ್ನು 6 ಚದರ ಕಿಲೋಮೀಟರಿಗೆ ಎಳೆಯುವುದು ಸ್ವಲ್ಪ ಅತಿಯೇ, ಅದು ಇನ್ನೂ ಸಣ್ಣ ಜಾಗಗಳಿಗೆ ಸರಿ. ಆದರೂ ಮೊದಲ ಅಂದಾಜಿಗೆ ನಾನೂ ಇದನ್ನೇ ಮಾಡುತ್ತಿದ್ದೆ. ಇರಲಿ, 40 ಎಂದು ಇಟ್ಟುಕೊಳ್ಳೋಣ.

ಈಗ ಆ ಅಂಕಿ. ಹಳ್ಳದ ತಳ ಎಷ್ಟು ಒರಟು ಎಂದು ಹೇಳುವ ಒಂದು ಸಂಖ್ಯೆ ಇದೆ. ಮ್ಯಾನಿಂಗ್ ಎನ್ ಅಂತ ಕರೆಯುತ್ತೇವೆ. ಅದು ದೊಡ್ಡದಾದಷ್ಟೂ ನೀರು ನಿಧಾನ, ಆಳ ಜಾಸ್ತಿ. ರಾಬರ್ಟ್ ಮ್ಯಾನಿಂಗ್ ಐರ್ಲೆಂಡಿನ ಎಂಜಿನಿಯರ್. 1889ರಲ್ಲಿ ನೀರಿನ ವೇಗ ಲೆಕ್ಕ ಹಾಕುವ ಸೂತ್ರ ಮಂಡಿಸಿದಾಗ ವಯಸ್ಸು ಎಪ್ಪತ್ತು ದಾಟಿತ್ತು. ತಮಾಷೆ ಅಂದರೆ ಸ್ವತಃ ಅವರಿಗೇ ಈ ಸೂತ್ರ ಅಷ್ಟಾಗಿ ಹಿಡಿಸಿರಲಿಲ್ಲ. ಇವತ್ತು ಜಗತ್ತಿನ ನೆರೆ ನಕ್ಷೆಗಳಲ್ಲಿ ಬಹುಪಾಲು ಅದರ ಮೇಲೇ ನಿಂತಿವೆ.

ಮೊದಲನೆಯವರು ಎನ್ 0.035 ಎಂದು ಹಾಕಿದ್ದಾರೆ. ಕೋಷ್ಟಕದಲ್ಲಿ ಕಲ್ಲು, ಕಳೆ ಸ್ವಲ್ಪ ಇರುವ ನೇರವಾದ ಹೊಳೆಗೆ ಸಿಗುವ ಅಂಕಿ ಅದು. ಎರಡನೆಯವರು 0.083 ಹಾಕಿದ್ದಾರೆ. ಅದು ಜ್ಯಾರೆಟ್ ಸೂತ್ರದಿಂದ ಬಂದದ್ದು. ರಾಬರ್ಟ್ ಜ್ಯಾರೆಟ್ ಅಮೆರಿಕದ ಕೊಲರಾಡೊ ಬೆಟ್ಟಗಳ 21 ತೊರೆಗಳಲ್ಲಿ ನೀರಿನ ವೇಗ ಅಳೆದು 1984ರಲ್ಲಿ ಪ್ರಕಟಿಸಿದ ಸೂತ್ರ. ಅದು ಹೇಳುವುದು ಇಷ್ಟೇ: ಇಳಿಜಾರು ಜಾಸ್ತಿ ಆದಷ್ಟೂ ಒರಟುತನವೂ ಜಾಸ್ತಿ. ಕೇಳಲು ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಆದರೆ ಕಡಿದಾದ ಹಳ್ಳದಲ್ಲಿ ಸಣ್ಣ ಕಲ್ಲು ನಿಲ್ಲುವುದಿಲ್ಲ, ಉಳಿಯುವುದು ದೊಡ್ಡ ಬಂಡೆಗಳೇ. ನೀರು ಅವಕ್ಕೆ ಡಿಕ್ಕಿ ಹೊಡೆದು, ಹಾರಿ, ಗುಂಡಿಗೆ ಬಿದ್ದು, ಸುತ್ತಿ ಸುಸ್ತಾಗುತ್ತದೆ.

ನಿಮ್ಮ ಹಳ್ಳದ ಅಗಲ 8 ಮೀಟರ್, ಮನೆಯ ಹತ್ತಿರ ಇಳಿಜಾರು ನೂರಕ್ಕೆ 3, ದಡದ ಎತ್ತರ ಒಂದೂವರೆ ಮೀಟರ್. ಅದೇ 40 ಘನ ಮೀಟರ್ ನೀರು ಬಿಡಿ. 0.035 ಹಾಕಿದರೆ ಆಳ 1.1 ಮೀಟರ್, ಹಳ್ಳದೊಳಗೇ ಸರಾಗವಾಗಿ ಹೋಗುತ್ತದೆ. 0.083 ಹಾಕಿದರೆ ಅಷ್ಟೇ ನೀರಿಗೆ 2 ಮೀಟರ್ ಆಳ ಬೇಕು. ದಡ ಇರುವುದು ಒಂದೂವರೆ. ಉಳಿದದ್ದು ನಿಮ್ಮ ಅಂಗಳಕ್ಕೆ. ನಿಮ್ಮ ಎರಡು ನಕ್ಷೆಗಳ ಜಗಳ ಇಷ್ಟೇ.

ನನ್ನ ಒಲವು ಎರಡನೆಯವರ ಕಡೆಗೆ. ಕಾರಣ ಹೇಳುತ್ತೇನೆ. ಮೊದಲ ಲೆಕ್ಕದಲ್ಲಿ ನೀರಿನ ವೇಗ ಸೆಕೆಂಡಿಗೆ ನಾಲ್ಕೂವರೆ ಮೀಟರ್. ಫ್ರೌಡ್ ಸಂಖ್ಯೆ 1.37. ಈ ಸಂಖ್ಯೆ 1 ದಾಟಿತೆಂದರೆ ನೀರು ತನ್ನದೇ ಅಲೆಗಿಂತ ಜೋರಾಗಿ ಓಡುತ್ತಿದೆ ಎಂದರ್ಥ. ಕಲ್ಲೆಸೆದರೆ ಏಳುವ ಅಲೆ ಮೇಲ್ಗಡೆಗೆ ಹೋಗಲಾರದು. ಸಿಮೆಂಟ್ ಕಾಲುವೆಯಲ್ಲಿ ಹಾಗೆ ಓಡಬಹುದು. ಬಂಡೆ ತುಂಬಿದ ಹಳ್ಳದಲ್ಲಿ ನೂರಾರು ಮೀಟರ್ ಉದ್ದಕ್ಕೂ ಹಾಗೆ ಓಡುವುದಿಲ್ಲ. ಅಲ್ಲಲ್ಲಿ ಒಂದು ಹಾರಿಕೆ, ಮತ್ತೆ ಗುಂಡಿಯಲ್ಲಿ ಶಾಂತ, ಮತ್ತೆ ಹಾರಿಕೆ. ಸರಾಸರಿ ತೆಗೆದರೆ 1ರ ಕೆಳಗೇ ಬರುತ್ತದೆ. ಎರಡನೆಯ ಲೆಕ್ಕದಲ್ಲಿ ಅದು 0.57. ನನ್ನ ಕಣ್ಣಿಗೆ ಅದು ಹಳ್ಳದ ಹಾಗೆ ಕಾಣುತ್ತದೆ.

ಹಾಗಂತ 0.083 ದೇವರ ವಾಕ್ಯ ಅಲ್ಲ. ಬಂಡೆ ಪೂರ್ತಿ ಮುಳುಗುವಷ್ಟು ನೀರು ಬಂದರೆ ಅದರ ತಡೆ ಕಡಿಮೆಯಾಗುತ್ತದೆ. ಅದಕ್ಕೇ ನಾನು ಬೇರೆ ಥರ ಲೆಕ್ಕ ಹಾಕಿದೆ. ಯಾವ ಎನ್ ಹಾಕಿದರೆ ನೀರು ಸರಿಯಾಗಿ ದಡದ ಅಂಚಿಗೆ ಮುಟ್ಟುತ್ತದೆ? ಉತ್ತರ 0.055. ಈಗ ಪ್ರಶ್ನೆ ಸಣ್ಣದಾಯಿತು ನೋಡಿ. ನಿಮ್ಮ ಹಳ್ಳ 0.055ಕ್ಕಿಂತ ಒರಟೋ, ನಯವೋ? ನೀವು ಕಳಿಸಿದ ಫೋಟೋದಲ್ಲಿ ಮಲಗಿದ ಎಮ್ಮೆಯಷ್ಟು ದೊಡ್ಡ ಬಂಡೆ ನಾಲ್ಕಿವೆ, ಎಡದಡದ ಮರದ ಬೇರು ನೀರಿಗೆ ಇಳಿದಿದೆ. ನಾನಾಗಿದ್ದರೆ ಅಂಗಳಕ್ಕೆ ನೀರು ಬರುತ್ತದೆ ಅಂತಲೇ ಬರೆದು ಸಹಿ ಹಾಕುತ್ತಿದ್ದೆ.

ಪ್ರಶ್ನೆ: ನಮ್ಮಲ್ಲಿ ‘ನೂರು ವರ್ಷಕ್ಕೊಮ್ಮೆ ಬರುವ ನೆರೆ’ ಹನ್ನೆರಡು ವರ್ಷದ ಹಿಂದೆಯೇ ಬಂದು ಹೋಯಿತು. ಇನ್ನು 88 ವರ್ಷ ನಿಶ್ಚಿಂತೆ ಅಲ್ವಾ?

ಉತ್ತರ: ಅಲ್ಲ. ಹಳ್ಳದ ಹತ್ತಿರ ಕ್ಯಾಲೆಂಡರ್ ಇಲ್ಲ. ಆ ಮಾತಿನ ಅರ್ಥ, ಯಾವುದೇ ಒಂದು ವರ್ಷದಲ್ಲಿ ಅಷ್ಟು ದೊಡ್ಡ ನೆರೆ ಬರುವ ಸಾಧ್ಯತೆ ನೂರಕ್ಕೆ 1. ಹೋದ ವರ್ಷ ಬಂದಿದ್ದರೂ ಈ ವರ್ಷಕ್ಕೆ ಅದೇ ನೂರಕ್ಕೆ 1. ಮೂವತ್ತು ವರ್ಷ ಅದೇ ಮನೆಯಲ್ಲಿದ್ದರೆ ಒಮ್ಮೆಯಾದರೂ ಅದನ್ನು ನೋಡುವ ಸಾಧ್ಯತೆ ನೂರಕ್ಕೆ 26. ಈ ‘ನೂರು ವರ್ಷ’ ಎನ್ನುವ ಹೆಸರು ಇಟ್ಟವರ ಮೇಲೆ ನನಗೆ ಹಳೇ ಸಿಟ್ಟಿದೆ.

ಪ್ರಶ್ನೆ: ಮೇಡಂ, ನಾನು ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿ. ಪ್ರಾಜೆಕ್ಟ್‌ಗೆ ಒಂದು ಬೆಟ್ಟದ ತೊರೆ ಆರಿಸಿಕೊಂಡೆ. ಪುಕ್ಕಟೆ ಸಿಗುವ, 30 ಮೀಟರಿನ ಚೌಕಕ್ಕೊಂದರಂತೆ ನೆಲದ ಎತ್ತರ ಕೊಡುವ ಮಾಹಿತಿ ಇಳಿಸಿಕೊಂಡು ಹೆಕ್-ರಾಸ್ ಎಂಬ ನೆರೆ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಎರಡು ಆಯಾಮದ ಮಾದರಿ ಮಾಡಿದೆ. ನೀರು ಹರಿಯುವ ಬದಲು ಕೆರೆಗಳ ಸಾಲಿನಂತೆ ನಿಲ್ಲುತ್ತಿದೆ. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ತೊರೆ ಎಷ್ಟು ಅಗಲ ಎಂದು ಬರೆದಿಲ್ಲ. ಹತ್ತು ಮೀಟರ್ ಅಂದುಕೊಳ್ಳುತ್ತೇನೆ. ಒಂದು ಚೌಕ 30 ಮೀಟರ್, ತೊರೆ 10 ಮೀಟರ್. ಅಂದರೆ ತಳ, ಎರಡೂ ದಡ, ಪಕ್ಕದ ಗುಡ್ಡದ ಬುಡ, ಎಲ್ಲ ಸೇರಿಸಿ ಒಂದೇ ಎತ್ತರ ಕೊಟ್ಟಿದ್ದಾರೆ. ನಿಮ್ಮ ಮಾಹಿತಿಯಲ್ಲಿ ತೊರೆಯೇ ಇಲ್ಲ! ಇಂಥ ಮಾಹಿತಿಯಲ್ಲಿ ಹೆಚ್ಚು ಜನ ಬಳಸುವುದು 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯೊಂದು 11 ದಿನದಲ್ಲಿ ರೇಡಾರ್‌ನಿಂದ ಅಳೆದದ್ದು. ಕಾಡಿದ್ದ ಕಡೆ ಅದು ನೆಲದ ಬದಲು ಮರದ ತಲೆಯ ಹತ್ತಿರದ ಎತ್ತರ ಹಿಡಿದಿರುತ್ತದೆ. ಕಣಿವೆಗೆ ಅಡ್ಡವಾಗಿ ಒಂದು ದಟ್ಟ ತೋಪಿದ್ದರೆ ನಿಮ್ಮ ಮಾದರಿಗೆ ಅದು ಅಣೆಕಟ್ಟು. ಅದರ ಹಿಂದೆ ಕೆರೆ.

ಆ ಮಾಹಿತಿಯನ್ನು ಎಸೆಯಬೇಡಿ. ನೀರು ಎಲ್ಲಿಂದ ಹರಿದು ಬರುತ್ತದೆ ಎಂದು ಗೆರೆ ಎಳೆಯಲು ಅದು ಸಾಕು. ತೊರೆಗೆ ಮಾತ್ರ ಲೆವೆಲ್ ಅಥವಾ ಟೋಟಲ್ ಸ್ಟೇಷನ್ ಎಂಬ ಸರ್ವೆ ಉಪಕರಣ ಎತ್ತಿಕೊಂಡು ಇಳಿಯಿರಿ. ಇನ್ನೂರು ಮೀಟರ್ ಉದ್ದಕ್ಕೆ ಹನ್ನೆರಡು ಅಡ್ಡ ಕೊಯ್ತ, ಅಂದರೆ ದಡದಿಂದ ದಡಕ್ಕೆ ಅಳೆದ ತಳದ ಆಕಾರ, ಸಾಕು. ಸಮ ಅಂತರದಲ್ಲಿ ತೆಗೆಯಬೇಡಿ. ಇಳಿಜಾರು ಮುರಿಯುವಲ್ಲಿ, ಬಂಡೆ ಮೆಟ್ಟಿಲಿನ ಮೇಲೊಂದು ಕೆಳಗೊಂದು, ಹಳ್ಳ ಕಿರಿದಾಗುವಲ್ಲಿ ತೆಗೆಯಿರಿ. ಆಮೇಲೆ ನೀರನ್ನು ತೊರೆಯ ಉದ್ದಕ್ಕೆ ಮಾತ್ರ ಹರಿಸುವ ಒಂದು ಆಯಾಮದ ಮಾದರಿ ಮಾಡಿ. ಹೆಕ್-ರಾಸ್‌ನಲ್ಲಿ ಎರಡು ಆಯಾಮ ಬಂದದ್ದೇ 2016ರಲ್ಲಿ. ಅಲ್ಲಿಯವರೆಗೆ ಅದರಲ್ಲಿ ಎಲ್ಲರೂ ಅಡ್ಡ ಕೊಯ್ತದಲ್ಲೇ ನೆರೆ ಲೆಕ್ಕ ಹಾಕಿದವರು. ಕಿರಿದಾದ ಕಣಿವೆಯಲ್ಲಿ ಈಗಲೂ ಅದು ಸಾಕು.

ಇನ್ನೊಂದು ಮಾತು. ಲೆಕ್ಕ ಮುಗಿದ ಮೇಲೆ ಸಾಫ್ಟ್‌ವೇರ್ ಒಂದು ರಾಶಿ ಎಚ್ಚರಿಕೆ ಕೊಡುತ್ತದೆ. ಹುಡುಗರು ಆ ಕಿಟಕಿ ಮುಚ್ಚಿ ಬಣ್ಣದ ನಕ್ಷೆಗೆ ಓಡುತ್ತಾರೆ. ‘ಇಲ್ಲಿ ಲೆಕ್ಕ ಕೂಡಲಿಲ್ಲ, ಕ್ರಿಟಿಕಲ್ ಆಳ ಎಂದು ಹಿಡಿದೆ’ (ಅಂದರೆ ಫ್ರೌಡ್ ಸಂಖ್ಯೆ ಸರಿಯಾಗಿ 1 ಆಗುವ ಆಳ) ಎಂಬ ಎಚ್ಚರಿಕೆ ಒಂದೆರಡು ಕಡೆ ಇದ್ದರೆ ಅಲ್ಲಿ ನಿಜವಾಗಿ ಜಲಪಾತವೇ ಇರಬಹುದು. ಪ್ರತಿ ಅಡ್ಡ ಕೊಯ್ತದಲ್ಲೂ ಅದೇ ಇದ್ದರೆ ನಿಮ್ಮ ಮಾದರಿ ಏನೂ ಲೆಕ್ಕ ಮಾಡಿಲ್ಲ, ಸುಮ್ನೆ ಊಹಿಸಿದೆ.

ಪ್ರಶ್ನೆ: ನನಗೀಗ ಎಪ್ಪತ್ತೆರಡು. ಹತ್ತು ವರ್ಷದವನಿದ್ದಾಗ ತೊರೆ ಉಕ್ಕಿ ಬಂದದ್ದು ಕಣ್ಣಾರೆ ಕಂಡಿದ್ದೇನೆ. ನೀರು ಎಲ್ಲಿವರೆಗೆ ಬಂತೆಂದು ನಮ್ಮ ಅಜ್ಜ ಕಲ್ಲಿನ ಕಂಬದ ಮೇಲೆ ಗೆರೆ ಕೊರೆದಿದ್ದರು. ಆ ಗೆರೆ ಈಗಲೂ ಇದೆ. ಮೊನ್ನೆ ಸರ್ವೆಗೆ ಬಂದ ಹುಡುಗರಿಗೆ ತೋರಿಸಿದರೆ ನಕ್ಕು ಮುಂದೆ ಹೋದರು. ಆ ಗೆರೆಗೆ ಏನೂ ಬೆಲೆ ಇಲ್ಲವೇ ತಾಯಿ?

ಉತ್ತರ: ಹಿರಿಯರೇ, ಆ ಹುಡುಗರು ನನ್ನ ಕೈಕೆಳಗೆ ಇದ್ದಿದ್ದರೆ ವಾಪಸ್ ಕಳಿಸುತ್ತಿದ್ದೆ. ಸಣ್ಣ ತೊರೆಗಳಲ್ಲಿ ನೀರು ಅಳೆಯುವ ಕೇಂದ್ರವೇ ಇರುವುದಿಲ್ಲ. ನಿಮ್ಮ ಅಜ್ಜ ಒಬ್ಬರೇ ಅಲ್ಲಿನ ಕೇಂದ್ರ.

ಆ ಗೆರೆ ಎರಡು ಕೆಲಸಕ್ಕೆ ಬರುತ್ತದೆ. ಮೊದಲನೆಯದು, ಅರವತ್ತೆರಡು ವರ್ಷದಲ್ಲಿ ನೀರು ಅದನ್ನು ಮತ್ತೆ ದಾಟಿಲ್ಲ ಎಂದು ನಿಮಗೆ ಗೊತ್ತಿದ್ದರೆ ಅದೂ ಒಂದು ಅಳತೆಯೇ. ಅಮೆರಿಕದ ಸರ್ಕಾರಿ ನೆರೆ ಲೆಕ್ಕದ ಕೈಪಿಡಿ, ಬುಲೆಟಿನ್ 17ಸಿ ಎನ್ನುತ್ತಾರೆ, ಇಂಥ ಹಳೆಯ ನೆರೆಗಳನ್ನೂ ‘ಇಷ್ಟು ವರ್ಷ ಇದಕ್ಕಿಂತ ಮೇಲೆ ಬಂದಿಲ್ಲ’ ಎಂಬ ಮಾಹಿತಿಯನ್ನೂ ಲೆಕ್ಕಕ್ಕೆ ಸೇರಿಸುವ ವಿಧಾನ ಹೇಳಿಕೊಡುತ್ತದೆ. ಎರಡನೆಯದು, ಅದೇ ನೆರೆಯ ಗುರುತು ಇನ್ನೂ ಒಂದೆರಡು ಕಡೆ ಸಿಕ್ಕರೆ ನೀರಿನ ಮೇಲ್ಮೈಯ ಇಳಿಜಾರು ಸಿಗುತ್ತದೆ. ಅಲ್ಲಿಂದ ಅವತ್ತು ಎಷ್ಟು ನೀರು ಬಂತೆಂದು ಹಿಂದಕ್ಕೆ ಲೆಕ್ಕ ಹಾಕಬಹುದು. ಪಕ್ಕದ ಹಳೇ ಗೋಡೆಗಳಲ್ಲಿ, ಬೇರೆ ಹಿರಿಯರ ನೆನಪಲ್ಲಿ ಹುಡುಕಿ. ತೊರೆಯ ತಳ ಆಗಿನಷ್ಟೇ ಇದೆಯೇ ಎಂದೂ ನೋಡಬೇಕು. ಕಂಬದ ಗೆರೆ ಅಲ್ಲೇ ಇದ್ದು, ತಳ ಒಂದು ಮೀಟರ್ ಕೊರೆದು ಹೋಗಿದ್ದರೆ ಲೆಕ್ಕ ತಲೆಕೆಳಗು.

ಗುರುತು ಓದುವುದರಲ್ಲಿ ನಾನೇ ಒಮ್ಮೆ ಎಡವಿದ್ದೇನೆ, ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ನೆರೆ ಇಳಿದು ನಾಲ್ಕು ದಿನವಾಗಿತ್ತು. ಹಳ್ಳದ ನಡುವೆ ನಿಂತ ಒಂದು ಮರದ ಕಾಂಡಕ್ಕೆ ಹುಲ್ಲು, ಕಡ್ಡಿ, ಹರಿದ ಬಟ್ಟೆ ಸುತ್ತಿಕೊಂಡಿತ್ತು, ಹೆಚ್ಚುಕಡಿಮೆ ನನ್ನ ತಲೆಯೆತ್ತರಕ್ಕೆ. ಖುಷಿಯಿಂದ ಅದರ ತುದಿಗೆ ಸ್ಟಾಫ್ ಇಟ್ಟು ಬರೆದುಕೊಂಡೆ, 1.65 ಮೀಟರ್. ಸ್ಟಾಫ್ ಹಿಡಿದಿದ್ದ ಸಹಾಯಕರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಏನೂ ಹೇಳಲಿಲ್ಲ. ದಡಕ್ಕೆ ನಡೆದು ಹೋಗಿ ಒಂದು ಕಲ್ಲಿನ ಮೇಲೆ ಬೆರಳಿಟ್ಟರು. ಅಲ್ಲಿ ಸಣ್ಣ ಬೀಜಗಳು, ಒಣ ಎಲೆಯ ಪುಡಿ ಒಂದು ತೆಳು ಗೆರೆಯಾಗಿ ಅಂಟಿತ್ತು. ಮಟ್ಟ ತೆಗೆದರೆ 1.2 ಮೀಟರ್. ಓಡುವ ನೀರು ಮರಕ್ಕೆ ಬಡಿದು ಮೇಲೆ ಹತ್ತುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ, ಹಳ್ಳದಲ್ಲಿ ಮರೆತಿದ್ದೆ. ಸೆಕೆಂಡಿಗೆ 3 ಮೀಟರ್ ವೇಗದ ನೀರು ಹೀಗೆ 45 ಸೆಂಟಿಮೀಟರ್ ಹತ್ತಬಹುದು. ಲೆಕ್ಕ ಸರಿಯಾಗಿ ಹೊಂದಿತು. ನನ್ನ ಅಳತೆಯಲ್ಲೇ ಹೋಗಿದ್ದರೆ ನೀರಿನ ಪ್ರಮಾಣ ನೂರಕ್ಕೆ 60ರಷ್ಟು ಉಬ್ಬುತ್ತಿತ್ತು. ನಿಮ್ಮ ಕಂಬವೂ ಹರಿವಿನ ನಡುವೆ ಇತ್ತೋ, ಪಕ್ಕದ ನಿಂತ ನೀರಿನಲ್ಲಿತ್ತೋ, ಅದೊಂದು ಬರೆದು ತಿಳಿಸಿ. ತಿರುವಿನ ಹೊರಗಡೆ ಇದ್ದರೂ ಹೇಳಿ, ಅಲ್ಲಿ ನೀರು ಒಂದಡಿ ಎತ್ತರಕ್ಕೆ ವಾಲಿ ಹೋಗುವುದುಂಟು.

ಪ್ರಶ್ನೆ: ಹಳ್ಳದ ಕಡೆ ನಮ್ಮ ಜಾಗ ತಗ್ಗಿದೆ. ಎರಡು ಮೀಟರ್ ಮಣ್ಣು ಏರಿಸಿ, ಕಲ್ಲಿನ ಗೋಡೆ ಕಟ್ಟಿಬಿಟ್ಟರೆ ನೆರೆ ಗೆರೆಯಿಂದ ಹೊರಗೆ ಬರುತ್ತೇವೆ ತಾನೆ?

ಉತ್ತರ: ನೀವು ಬರುತ್ತೀರಿ. ಎದುರು ದಡದವರು ಒಳಗೆ ಹೋಗುತ್ತಾರೆ. ನೀರಿಗೆ ಜಾಗ ಬೇಕೇ ಬೇಕು. ಅಮೆರಿಕದಲ್ಲಿ ಇದಕ್ಕೊಂದು ಲೆಕ್ಕ ಇಟ್ಟಿದ್ದಾರೆ. ಮಾದರಿಯಲ್ಲಿ ಎರಡೂ ಅಂಚಿನಿಂದ ಸಮನಾಗಿ ತುಂಬುತ್ತಾ ಬರುತ್ತಾರೆ. ನೀರಿನ ಮಟ್ಟ ಒಂದಡಿ ಏರುವವರೆಗೆ. ಅಲ್ಲಿಗೆ ನಿಲ್ಲಿಸಿ, ನಡುವೆ ಉಳಿದ ಪಟ್ಟಿಯನ್ನು ನೆರೆದಾರಿ ಎಂದು ಗುರುತು ಮಾಡುತ್ತಾರೆ. ನೀರಿನ ಮಟ್ಟ ಏರುವುದಿಲ್ಲ ಎಂದು ಲೆಕ್ಕ ಹಾಕಿ ತೋರಿಸದೆ ಅದರೊಳಗೆ ಮಣ್ಣು ತುಂಬುವ ಹಾಗಿಲ್ಲ.

ಬೆಟ್ಟದ ಹಳ್ಳಕ್ಕೆ ಈ ಒಂದಡಿ ಲೆಕ್ಕ ಪೂರ್ತಿ ಒಗ್ಗುವುದಿಲ್ಲ ಎಂಬುದು ನನ್ನ ಅನುಭವ. ಸಮತಟ್ಟು ಹೊಳೆಯನ್ನು ಕಿರಿದು ಮಾಡಿದರೆ ಮಟ್ಟ ಏರುತ್ತದೆ. ಕಡಿದಾದ ಹಳ್ಳವನ್ನು ಕಿರಿದು ಮಾಡಿದರೆ ಮಟ್ಟ ಅಷ್ಟೇನೂ ಏರದೆ ವೇಗ ಏರಬಹುದು. ಕಾಗದದಲ್ಲಿ ಪಾಸು. ಹಳ್ಳದಲ್ಲಿ ನೀರು ಗೋಡೆಯ ಬುಡ ತೋಡುತ್ತದೆ. ನಿಮ್ಮ ಗೋಡೆ ನೀರಿನ ಎತ್ತರಕ್ಕೆ ಬೀಳುವುದಿಲ್ಲ, ಪಾಯ ಹೋಗಿ ಬೀಳುತ್ತದೆ. ಕಟ್ಟಲೇಬೇಕೆಂದರೆ ಹಿಂದೆ ಸರಿದು, ಕಂಬಗಳ ಮೇಲೆ ಕಟ್ಟಿ.

ಪ್ರಶ್ನೆ: ನಮ್ಮ ಮನೆಯ ಮೇಲ್ಗಡೆ ರಸ್ತೆ ಇದೆ. ಅದರಡಿ ಹಳ್ಳ ದಾಟಲು ಒಂದು ಮೋರಿ ಇದೆ. ನಕ್ಷೆ ಮಾಡಿದವರು ‘ಮೋರಿಯಲ್ಲಿ ನೀರು ಸಲೀಸಾಗಿ ಹೋಗುತ್ತದೆ’ ಎಂದು ಬರೆದಿದ್ದಾರೆ. ಆದರೆ ಪ್ರತಿ ಮಳೆಗಾಲ ಅದರ ಬಾಯಿಗೆ ಕೊಂಬೆ, ಕಲ್ಲು ಬಂದು ಕೂರುತ್ತದೆ. ನಕ್ಷೆ ಸರಿಯೇ?

ಉತ್ತರ: ನಕ್ಷೆ ಖಾಲಿ ಮೋರಿಗೆ ಸರಿ. ನಿಮ್ಮ ಮೋರಿಗೆ ಅಲ್ಲ.

ಮಾದರಿಗೆ ಗೊತ್ತಿರುವುದು ನೀರು ಮಾತ್ರ. ಬೆಟ್ಟದ ಹಳ್ಳ ನೀರು ಒಂದನ್ನೇ ತರುವುದಿಲ್ಲ. ಇಂಗ್ಲೆಂಡಿನ ಲಿನ್‌ಮತ್ ಎಂಬ ಊರಲ್ಲಿ ಎರಡು ಸಣ್ಣ ತೊರೆಗಳು ಬೆಟ್ಟದಿಂದ ಇಳಿದು ಕೂಡುತ್ತವೆ. 1952ರ ಆಗಸ್ಟ್ 15ರಂದು ಆ ಬೆಟ್ಟಗಳ ಮೇಲೆ 24 ಗಂಟೆಯಲ್ಲಿ ಸುಮಾರು 230 ಮಿಲಿಮೀಟರ್ ಮಳೆ ಸುರಿಯಿತು. ಕಿತ್ತು ಬಂದ ಮರಗಳು, ಬಂಡೆಗಳು ಸೇತುವೆಗಳಿಗೆ ಸಿಕ್ಕಿಕೊಂಡು ನೀರಿಗೆ ಅಡ್ಡ ಕಟ್ಟಿದವು. ಕಟ್ಟಡಗಳಿಗೆ ಜಾಗ ಮಾಡಲು ಒಂದು ತೊರೆಯನ್ನು ಮೊದಲೇ ಕಿರಿದು ಮಾಡಿ ಪಕ್ಕಕ್ಕೆ ತಳ್ಳಿದ್ದರು. ಆ ರಾತ್ರಿ ಅದು ತನ್ನ ಹಳೇ ದಾರಿಗೆ ವಾಪಸ್ ಬಂತು, ನಡುವೆ ಇದ್ದ ಕಟ್ಟಡಗಳ ಮೇಲೆಯೇ. 34 ಜನ ಸತ್ತರು.

ಹಾಗಾಗಿ ನಕ್ಷೆ ಮಾಡಿದವರನ್ನು ಇನ್ನೆರಡು ಸಲ ಲೆಕ್ಕ ಓಡಿಸಲು ಹೇಳಿ. ಒಮ್ಮೆ ಮೋರಿ ಅರ್ಧ ಮುಚ್ಚಿದಂತೆ, ಒಮ್ಮೆ ಪೂರ್ತಿ ಮುಚ್ಚಿದಂತೆ. ಪೂರ್ತಿ ಮುಚ್ಚಿದಾಗ ನೀರು ರಸ್ತೆ ಹತ್ತುತ್ತದೆ. ಹತ್ತಿದ ಮೇಲೆ ರಸ್ತೆಯ ತಗ್ಗು ಯಾವ ಕಡೆಗಿದೆಯೋ ಆ ಕಡೆ ಓಡುತ್ತದೆ, ಹಳ್ಳ ಇರುವ ಕಡೆಗೇ ಅಂತಿಲ್ಲ. ಇನ್ನೂರು ಮೀಟರ್ ಆಚೆ, ಹಳ್ಳವನ್ನೇ ನೋಡದ ಮನೆಯೊಳಗೆ ನೀರು ನುಗ್ಗಿದ್ದನ್ನು ನಾನು ಎರಡು ಸಲ ಕಂಡಿದ್ದೇನೆ. ಇಂಥ ಜಾಗಕ್ಕೆ ಎರಡು ಆಯಾಮದ ಮಾದರಿಯೇ ಬೇಕು. ಮೇಲೆ ವಿದ್ಯಾರ್ಥಿಗೆ ಬೇರೆ ಥರ ಹೇಳಿದೆ ಎಂದು ಹಿಡಿಯಬೇಡಿ. ಅವರದ್ದು ಕಿರಿದಾದ ಕಣಿವೆ, ನಿಮ್ಮದು ರಸ್ತೆ.

ಲೆಕ್ಕ ಬರುವವರೆಗೆ ಒಂದು ಕೆಲಸ ನೀವೇ ಮಾಡಬಹುದು. ಒಂದು ಬಕೆಟ್ ನೀರು ತಗೊಂಡು ಮೋರಿಯ ಮೇಲೆ, ರಸ್ತೆ ನಡುವೆ ಸುರಿಯಿರಿ. ಎಲ್ಲಿಗೆ ಹರಿಯಿತು ಎಂದು ನೋಡಿ, ಒಂದು ಚಿತ್ರ ಬಿಡಿಸಿ ನನಗೆ ಕಳಿಸಿ.

ಫೋಟೋ ಕಳಿಸುವ ಎಲ್ಲರಲ್ಲೂ ಒಂದು ವಿನಂತಿ. ಬಂಡೆಯ ಪಕ್ಕ ಒಂದು ಕೊಡೆ ನಿಲ್ಲಿಸಿ ತೆಗೆಯಿರಿ. ಈ ಸಲ ಬಂದ ಹದಿನೇಳು ಫೋಟೋಗಳಲ್ಲಿ ಹನ್ನೊಂದರಲ್ಲಿ ಕಲ್ಲು ನಿಂಬೆಹಣ್ಣಿನಷ್ಟೋ ಎಮ್ಮೆಯಷ್ಟೋ ಗೊತ್ತಾಗಲಿಲ್ಲ.